ಕಾಜಾದ ಕೂಲಿ

ಉಟ್ಟು ಸವೆದ ಸೀರೆ, ಹರಿದ ಪಂಚೆ, ಮಕ್ಕಳಿಗೆ ಗಿಡ್ಡವಾದ ಲಂಗ, ಇವೆಲ್ಲವೂ ಮೈಮೇಲಿನ ತಮ್ಮ ಆಯುಸ್ಸನ್ನು ಮುಗಿಸಿದ ಮೇಲೆ ತುಂಡುಗಳಾಗಿ ಒಂದರ ಮೇಲೊಂದು ಕೂಡಿ, ಸಾಲುಹೊಲಿಗೆಯಲ್ಲಿ ಬಿಗಿದುಕೊಂಡು, ಕೌದಿಯೆಂಬ ಎರಡನೆಯ ಜನ್ಮವನ್ನು ಪಡೆಯುವುದು ಉತ್ತರ ಕರ್ನಾಟಕದ ಮನೆಗಳಲ್ಲಿ ಬಹುಕಾಲದಿಂದ ನಡೆದುಬಂದ ಪದ್ಧತಿ. ಹಳಿಯಾಳ, ಯಲ್ಲಾಪುರ, ಮುಂಡಗೋಡದ ಕಡೆಯ ಸಿದ್ದಿ ಹೆಂಗಸರಿಗಂತೂ ನಾಲ್ಕು ಮೂಲೆಗಳಲ್ಲಿ ತ್ರಿಕೋನದ ಹೂಗಳನ್ನು ಕೂರಿಸುವವರೆಗೆ ಕೌದಿ ಮುಗಿದಂತೆಯೇ ಅಲ್ಲ. ಹೀಗೆ ಮೈಯಿಂದ ಹಾಸಿಗೆಗೆ ಇಳಿಯುವುದು ನಮ್ಮಲ್ಲಿ ಬಟ್ಟೆಯ ಗತಿ. ಅಮೆರಿಕೆಯಲ್ಲಾದರೋ ಕೌದಿಗೆಂದೇ ಹೊಸ ಹತ್ತಿಯ ಬಟ್ಟೆಯನ್ನು ಅಚ್ಚೊತ್ತಿ ಗಜದ ಲೆಕ್ಕದಲ್ಲಿ ಮಾರುತ್ತಾರೆ. ಹಾಸಿಗೆಗೆಂದು ಹುಟ್ಟಿದ ಆ ಬಟ್ಟೆ ಎಷ್ಟೋ ವೇಳೆ ದಾರಿ ತಪ್ಪಿ ಮೈಗೇರುತ್ತದೆ.

ಅಂತಹ ಬಟ್ಟೆ ನಾಲ್ಕು ಗಜ, 44 ಅಂಗುಲ ಅಗಲದ್ದು, ನೀಲಿಯ ಮೇಲೆ ಬಿಳಿಯ ಸಣ್ಣ ಹೂವಿನದು, ನನ್ನ ತಂಗಿಯ ಮಗಳ ಪೆಟ್ಟಿಗೆಯಲ್ಲಿ ನ್ಯೂಜೆರ್ಸಿಯಿಂದ ಯಲಹಂಕಕ್ಕೆ ಬಂದಿತು. “ಕೌದಿ ಹೊಲಿಸ್ಕೋ ದೊಡ್ಡಮ್ಮ” ಎಂದು ಹೇಳಿ ಹೋದಳು. ಬಲಭುಜದ ನೋವಿನಿಂದ ತಲೆಯ ಮೇಲಿಂದ ಏನನ್ನೂ ತೊಡಲಾರದೆ, ಮುಂದೆ ಗುಂಡಿಯಿರುವ ನೈಟಿಯೊಂದನ್ನೇ ನೆಚ್ಚಿಕೊಂಡಿದ್ದ ನಾನು, ನಾಲ್ಕು ಜನರ ನಡುವೆಯೂ ಸಂಕೋಚವಿಲ್ಲದೆ ಧರಿಸಬಹುದಾದಂತಹ, ಕೊರಳಿನಿಂದ ಮೊಣಕಾಲಿನ ಕೆಳಗಿನವರೆಗೂ ಗುಂಡಿಯುಳ್ಳ ಉಡುಪನ್ನು ಅದರಲ್ಲಿ ಹೊಲಿಸಲು ನಿಶ್ಚಯಿಸಿದೆನು.

ಯಲಹಂಕದ ಹಳೆಯ ಊರಿನ ನಮ್ಮ ಬೀದಿಯ ದರ್ಜಿ ಯಶವಂತಪುರದ ಕಡೆಯ ಒಂದು ಗಾರ್ಮೆಂಟ್ಸಿನಲ್ಲಿ ಹನ್ನೆರಡು ವರ್ಷ ದುಡಿದು ಬಿಟ್ಟು ಬಂದಾಕೆ. ಬಟ್ಟೆಯನ್ನು ಹೆಬ್ಬೆರಳಿನಿಂದ ಉಜ್ಜಿ ನೋಡಿ, “ಇದು ಮೈಮೇಲೆ ಇಳಿಯಲ್ಲ ಅಮ್ಮ, ನಿಂತ್ಕೊಳತ್ತೆ. ನೆರಿಗೆ ಜಾಸ್ತಿ ಬೇಡ” ಎಂದಳು. ಆ ಬಟ್ಟೆಯ ಗುಣ ನಿಜವಾಗಿಯೂ ಅದೇ. ನೇಯ್ಗೆ ಒತ್ತಾದುದರಿಂದ ಇಸ್ತ್ರಿಯ ಮಡಿಕೆ ಅದರಲ್ಲಿ ಚೆನ್ನಾಗಿ ನಿಲ್ಲುತ್ತದೆ, ಗುಂಡಿಪಟ್ಟಿ ಸೊಟ್ಟಗಾಗುವುದಿಲ್ಲ, ಜೇಬು ಜೋತುಬೀಳುವುದಿಲ್ಲ. ಆದರೆ ನೆರಿಗೆ ತುಂಬಿದರೆ ಉಟ್ಟವಳು ಲಾಂದ್ರದಂತೆ ಕಾಣುವಳು. ನೆನೆಸದೆ ಕತ್ತರಿಸಿದರೆ ಮೊದಲ ಒಗೆತದಲ್ಲಿಯೇ ಕುಗ್ಗುವುದೆಂಬುದನ್ನು ನಾನು ಹಿಂದೊಮ್ಮೆ ನನ್ನ ಅವಸರದಿಂದಲೇ, ಒಳ್ಳೆಯದೊಂದು ಬಟ್ಟೆಯನ್ನು ಕೆಡಿಸಿಕೊಂಡು, ಕಲಿತಿದ್ದೆನು.

ಅಳತೆಯನ್ನು ತೆಗೆದುಕೊಂಡ ರೀತಿ ನೋಡುವಂತಿತ್ತು. ನಿಂತಾಗ ಸೊಂಟವನ್ನೂ ಹೊಟ್ಟೆಯನ್ನೂ ಅಳೆದವಳು, ಸ್ಟೂಲನ್ನು ಮುಂದಕ್ಕೆ ತಳ್ಳಿ “ಕೂತ್ಕೊಳಿ” ಎಂದು ಮತ್ತೊಮ್ಮೆ ಅಳೆದಳು; ಎರಡಂಗುಲ ವ್ಯತ್ಯಾಸ. ಕೂತಾಗ ಬಾಯಿಬಿಡುವ ಗುಂಡಿ ಇಂತಹ ಉಡುಪಿನ ಪ್ರಥಮ ದೋಷವೆಂಬುದು ಅವಳಿಗೆ ಗೊತ್ತು. ಗುಂಡಿಗಳನ್ನು ಮೇಲಿನಿಂದ ಎಣಿಸಿ ಇಡುವುದು ತಪ್ಪು. ಎದೆಯ ಅತ್ಯಂತ ತುಂಬಿದ ಭಾಗಕ್ಕೆ ನೇರವಾಗಿ ಮೊದಲನೆಯದನ್ನು ಗುರುತಿಸಿ, ಅಲ್ಲಿಂದ ಮೇಲಕ್ಕೂ ಕೆಳಕ್ಕೂ ಸಮನಾಗಿ ಹಂಚಬೇಕು. ಪಟ್ಟಿಯೊಳಗೆ ತೆಳುವಾದ ಬಕ್ರಂ ಇಟ್ಟು, ಗುಂಡಿಯ ಅಗಲಕ್ಕೆ ಅದರ ದಪ್ಪವನ್ನೂ ಕೂಡಿಸಿ ಚಾಕಿನಲ್ಲಿ ಗೆರೆ ಎಳೆದು, ತುದಿಗೆ ಗುಂಡುಸೂಜಿ ಚುಚ್ಚಿ ಬ್ಲೇಡು ಅದನ್ನು ದಾಟದಂತೆ ಮಾಡಿ, ಸೀಳಿದ ಅಂಚನ್ನು ದಾರದಿಂದ ಒಂದೊಂದು ಗಂಟಾಗಿ ಕಟ್ಟುತ್ತ ಹೋದಳು. ಹನ್ನೊಂದು ಕಾಜಾ, ಎಲ್ಲವೂ ಕೈಯಲ್ಲಿ. ಒಂದೊಂದಕ್ಕೆ ಹತ್ತು ರೂಪಾಯಿ ಕೇಳಿದಳು. ಅಭ್ಯಾಸಬಲದಿಂದ ಚೌಕಾಸಿಗೆ ಬಾಯಿ ತೆರೆದ ನನ್ನ ವರ್ತನೆಗೆ ಈಗಲೂ ನಾಚಿಕೆಯಾಗುತ್ತದೆ.

ಕೈಯ ಕೆಲಸದ ಈ ಮಾತಿನೊಡನೆ ಯಂತ್ರದ ಮಾತೂ ನೆನಪಾಗುತ್ತದೆ. 1924ರಲ್ಲಿ ವಿದ್ಯಾರ್ಥಿಯಾಗಿದ್ದ ಜಿ. ರಾಮಚಂದ್ರನ್ ಅವರು ಯಂತ್ರಗಳ ವಿಷಯವಾಗಿ ಪ್ರಶ್ನಿಸಿದಾಗ ಗಾಂಧೀಜಿ ಸಿಂಗರ್ ಹೊಲಿಗೆಯಂತ್ರವನ್ನು ಅಪವಾದವೆಂದು ಒಪ್ಪಿಕೊಂಡರು. ಹೆಂಡತಿಯ ಬೇಸರದ ದುಡಿಮೆಯನ್ನು ಕಂಡ ಸಿಂಗರನ ಪ್ರೇಮದಿಂದ ಅದು ಹುಟ್ಟಿತೆಂಬುದು ಅವರು ಕೊಟ್ಟ ಕಾರಣ. ಹಲವು ಸಂಸಾರಗಳನ್ನು ಹೂಡಿದ್ದ ಸಿಂಗರನ ಚರಿತ್ರೆಯನ್ನು ಬಲ್ಲವರು ಇಲ್ಲಿ ನಕ್ಕರೆ ತಪ್ಪಿಲ್ಲ. ಆದರೂ ಮನೆಯ ಮೂಲೆಯಲ್ಲಿ ಕುಳಿತು ಇಡೀ ಉಡುಪನ್ನು ಹೊಲಿಯುವವಳ ಯಂತ್ರಕ್ಕೆ ಆ ಮಾತು ಒಪ್ಪುತ್ತದೆ; ಕಾರ್ಖಾನೆಯ ಯಂತ್ರಕ್ಕೆ ಒಪ್ಪದು. ಪೀಣ್ಯ, ಯಶವಂತಪುರಗಳ ಕಾರ್ಖಾನೆಗಳಲ್ಲಿ ಸಾಲಾಗಿ ಕುಳಿತ ಹೆಂಗಸರಲ್ಲಿ ಕಾಲರಿನವಳು ದಿನವಿಡೀ ಕಾಲರನ್ನೇ, ತೋಳಿನವಳು ತೋಳನ್ನೇ ಹೊಲಿಯುವಳು. ಗಂಟೆಗೆ ಇಷ್ಟೆಂಬ ಲೆಕ್ಕ ತಲೆಯ ಮೇಲೆ ತೂಗುತ್ತಿರುವುದು. ನಮ್ಮ ದರ್ಜಿಯೇ ಹೇಳಿದಳು: “ಹನ್ನೆರಡು ವರ್ಷ ಬರೀ ಪಟ್ಟಿ ಕೂರಿಸಿದ್ದೆ. ಪೂರ್ತಿ ಡ್ರೆಸ್ಸು ಹೊಲಿಯೋದು ಕಲಿತಿದ್ದು ಬಿಟ್ಟುಬಂದ ಮೇಲೇನೆ.”

ಹೆಬ್ಬಾಳದ ಮಾಲಿನಲ್ಲಿ ಸಣ್ಣ, ಮಧ್ಯಮ, ದೊಡ್ಡ ಎಂಬ ಮೂರು ಅಳತೆಗಳೊಳಗೆ ತಮ್ಮ ದೇಹವನ್ನು ತುರುಕಲು ಹೆಣಗಿ, ಹೊಂದದಿದ್ದಾಗ ಬಟ್ಟೆಯನ್ನು ದೂರದೆ ತಮ್ಮ ದೇಹವನ್ನೇ ಹಳಿದುಕೊಳ್ಳುವ ಹೆಂಗಸರನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಅಲ್ಲಿ ಕೇಳಿದ ಬೆಲೆಯನ್ನು ಮಾತಿಲ್ಲದೆ ತೆತ್ತು ಬರುವ ನಾವೇ, ನಮ್ಮ ಮೈಯನ್ನು ಕೂರಿಸಿಯೂ ನಿಲ್ಲಿಸಿಯೂ ಅಳೆದವಳ ಹತ್ತು ರೂಪಾಯಿಯನ್ನು ಎಂಟಕ್ಕಿಳಿಸಲು ಅರ್ಧ ಗಂಟೆ ವಾದಿಸುವುದು ಅನ್ಯಾಯವೆಂದೇ ನನ್ನ ಅಭಿಪ್ರಾಯ.

ಆರ್.ಟಿ. ನಗರದಲ್ಲಾಗಲಿ ಯಲಹಂಕದಲ್ಲಾಗಲಿ ವರಮಹಾಲಕ್ಷ್ಮಿಯಿಂದ ಗೌರಿಯವರೆಗೆ ದರ್ಜಿಗಳಿಗೆ ಉಸಿರಾಡಲು ಬಿಡುವಿರದು. ಆದುದರಿಂದ ಹಬ್ಬ ಕಳೆದ ಮೇಲೆ ಹೋಗಿರಿ. ಹಿಂದಿನ ರಾತ್ರಿ ಬಟ್ಟೆಯನ್ನು ನೀರಿನಲ್ಲಿ ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಿ ಒಯ್ಯಿರಿ. ಗುಂಡಿಗಳನ್ನು ಮೊದಲೇ ಆರಿಸಿ ಕೊಡಿರಿ. ಕಾಜಾಕ್ಕೆ ಅವಳು ಕೇಳಿದಷ್ಟನ್ನು ಕೊಟ್ಟು ಬನ್ನಿರಿ.