ಪ್ಯಾಟ್ರೋಲನ್ನು ಮಕ್ಕಳ ಕೈಗೆ ಕೊಡಿ

ವಾಡಿ, ಶಹಾಬಾದ್ ಕಡೆಯ ಪಾಲಕರು ಮಗನನ್ನು ಸ್ಕೌಟಿಗೆ ಸೇರಿಸುವಾಗ ಮೊದಲು ಕೇಳುವುದು, "ಸರ್ಟಿಫಿಕೇಟ್ ಯಾವಾಗ ಬರ್ತದ್ರಿ ಸರ?" ಕೇಳಬಾರದು ಅನ್ನಲಾರೆ. ಇವು ರೈಲಿನ ಊರುಗಳು. ರೈಲ್ವೆ ನೇಮಕಾತಿಯಲ್ಲಿ ಸ್ಕೌಟ್ಸ್ ಮತ್ತು ಗೈಡ್ಸ್ ಕೋಟಾ ಇದೆ, ಅಲ್ಲಿ ರಾಷ್ಟ್ರಪತಿ ಪುರಸ್ಕಾರಕ್ಕೆ ಬೆಲೆ ಇದೆ. ಬಡವರ ಮನೆಗೆ ಅದು ಸಣ್ಣ ಮಾತಲ್ಲ.

ಆದರೆ ಆ ಪುರಸ್ಕಾರದ ಹಾದಿ ಉದ್ದ. ಪ್ರವೇಶ, ಪ್ರಥಮ, ದ್ವಿತೀಯ, ತೃತೀಯ ಸೋಪಾನ, ಬಳಿಕ ರಾಜ್ಯ ಪುರಸ್ಕಾರ, ಕೊನೆಗೆ ರಾಷ್ಟ್ರಪತಿ ಪುರಸ್ಕಾರ. ಒಂದೊಂದಕ್ಕೂ ತಿಂಗಳುಗಟ್ಟಲೆ ಹಗ್ಗದ ಗಂಟು, ಪ್ರಥಮ ಚಿಕಿತ್ಸೆ, ದಿಕ್ಸೂಚಿ, ಅಡುಗೆ, ಸೇವೆ. ಎಷ್ಟೋ ಶಾಲೆಗಳಲ್ಲಿ ಈಗ ಪರೀಕ್ಷೆ ಹತ್ತಿರ ಬಂದಾಗ ಒಬ್ಬನ ಲಾಗ್‌ಬುಕ್ಕನ್ನು ಉಳಿದವರೆಲ್ಲ ನಕಲು ಮಾಡುತ್ತಾರೆ. ಸ್ಕಾರ್ಫ್ ಹೊರಬರುವುದು ಜನವರಿ 26 ಮತ್ತು ಆಗಸ್ಟ್ 15ಕ್ಕೆ.

ಸೋಪಾನ ಸೊರಗಿದ್ದು ಪ್ಯಾಟ್ರೋಲ್ ಸತ್ತದ್ದರಿಂದ. ಪ್ಯಾಟ್ರೋಲ್ ಅಂದರೆ ಆರರಿಂದ ಎಂಟು ಮಕ್ಕಳು, ಅವರಲ್ಲೇ ಒಬ್ಬ ಲೀಡರ್, ಅವನಿಗೊಬ್ಬ ಸೆಕೆಂಡ್. ಇಂಥ ಪ್ಯಾಟ್ರೋಲುಗಳು ಕೂಡಿ ಟ್ರೂಪ್. 1907ರಲ್ಲಿ ಬ್ರೌನ್‌ಸೀ ದ್ವೀಪದ ಮೊದಲ ಶಿಬಿರದಲ್ಲೇ ಸ್ಕೌಟಿಂಗ್ ಸ್ಥಾಪಕ ಬೇಡನ್ ಪೊವೆಲ್ ಶ್ರೀಮಂತರ ಮಕ್ಕಳನ್ನೂ ದುಡಿಯುವವರ ಮಕ್ಕಳನ್ನೂ ಬೆರೆಸಿ ನಾಲ್ಕು ಪ್ಯಾಟ್ರೋಲ್ ಮಾಡಿದ್ದರು. ಬೆರೆಸಿದ್ದೇ ಅದರ ಜೀವ.

ನಾನು ಸ್ಕೌಟ್ ಮಾಸ್ತರನಾಗಿದ್ದಾಗ ಚಿಂಚೋಳಿ ಕಾಡಿನಂಚಿನ ಶಿಬಿರವೊಂದರಲ್ಲಿ ಮಳೆ ಹಿಡಿಯಿತು. ಒಂದು ಪ್ಯಾಟ್ರೋಲಿನ ಲೀಡರ್ ಫರ್ಸಿ ಕಲ್ಲಿನ ಖಣಿಯಲ್ಲಿ ಕೂಲಿ ಮಾಡುವವರ ಮಗ. ಅದೇ ಪ್ಯಾಟ್ರೋಲಿನಲ್ಲಿದ್ದ ಸಿಮೆಂಟ್ ಕಾಲೊನಿಯ ಇಂಜಿನಿಯರರ ಮಗ ಒಲೆ ಹೂಡಲು ಹಳ್ಳದಿಂದ ಚಪ್ಪಟೆ ಕಲ್ಲು ಎತ್ತಿ ತಂದ. ಲೀಡರ್ ಕೈ ಹಿಡಿದು ತಡೆದ: "ಒದ್ದಿ ಫರ್ಸಿ ಇಡಬ್ಯಾಡೋ, ಬೆಂಕಿ ತಾಗಿದ್ರ ಸಿಡಿತದ." ಇಂಜಿನಿಯರರ ಮಗ ಮರುಮಾತಿಲ್ಲದೆ ಕಲ್ಲು ಕೆಳಗಿಟ್ಟು ಒಣ ಕಲ್ಲು ಹುಡುಕಲು ಹೋದ. ಆ ಸಂಜೆ ತೊಗರಿ ಬೇಳೆ ಬೇಯಲು ತಡವಾಯಿತು, ಹುಡುಗರು ಮಾತ್ರ ಕಾಲೊನಿ, ಖಣಿ ಎನ್ನದೆ ಒಂದೇ ಸಾಲಿನಲ್ಲಿ ಕುಂತು ಉಂಡರು. ನಾನು ಪಾಠದಲ್ಲಿ ಎಷ್ಟು ಹೇಳಿದ್ದರೂ ಆಗದ ಕೆಲಸ ಅದು.

ಅದಕ್ಕೇ ಸೇಡಂ, ಚಿತ್ತಾಪುರ, ಚಿಂಚೋಳಿಯ ಮಾಸ್ತರರಲ್ಲಿ, ಟೀಚರಮ್ಮಂದಿರಲ್ಲಿ ನನ್ನ ಕೇಳಿಕೆ. ತರಗತಿಗೆ ಮೊದಲಿಗನಾದವನನ್ನೇ ಲೀಡರ್ ಮಾಡಬೇಡಿ, ಪ್ಯಾಟ್ರೋಲನ್ನೇ ಕೇಳಿ. ಒಂದೇ ಓಣಿಯ, ಒಂದೇ ಜಾತಿಯ ಮಕ್ಕಳು ಒಂದು ಕಡೆ ಗುಂಪಾಗದಂತೆ ನೋಡಿಕೊಳ್ಳಿ. ಹೊಸಬರಿಗೆ ಗಂಟು ಕಲಿಸುವುದು ಲೀಡರ್ ಕೆಲಸವಾಗಲಿ. ಲೀಡರುಗಳು ಕೂಡುವ ಕೋರ್ಟ್ ಆಫ್ ಆನರ್ ತಿಂಗಳಿಗೊಮ್ಮೆಯಾದರೂ ಸೇರಲಿ, ಶಿಬಿರ ಎಲ್ಲಿ, ಖರ್ಚೆಷ್ಟು, ತಪ್ಪಿದವನಿಗೆ ಏನು ಹೇಳಬೇಕು ಎಂಬುದನ್ನು ಅವರೇ ತೀರ್ಮಾನಿಸಲಿ. ನೀವು ಪಕ್ಕದಲ್ಲಿ ಕುಳಿತು ಕೇಳಿ, ಅಪಾಯವಿದ್ದಾಗಷ್ಟೇ ಬಾಯಿ ಹಾಕಿ. ಸರ್ಟಿಫಿಕೇಟ್ ಒಂದು ವರ್ಷ ತಡವಾಗಿ ಬಂದರೂ ಪಾಲಕರಿಗೆ ನಾವು ಧೈರ್ಯವಾಗಿ ಉತ್ತರ ಹೇಳಬಹುದು.