ಸುತ್ತಿಗೆಯ ತೂಕ ಎಷ್ಟಿರಬೇಕು?

ಮಧುಗಿರಿ ಶೈಕ್ಷಣಿಕ ಜಿಲ್ಲೆಗೆ ಸೇರಿದ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳಲ್ಲಿ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮೇಲೆ ಎಲ್ಲ ಮಕ್ಕಳೂ ಪಿಯುಸಿಯ ದಾರಿ ಹಿಡಿಯುವುದಿಲ್ಲ. ಕೆಲವರು ಐಟಿಐ ಸೇರುತ್ತಾರೆ. ಮಳೆ ಕೈಕೊಟ್ಟ ವರ್ಷ ಇನ್ನು ಕೆಲವರು ಸೆಂಟ್ರಿಂಗ್ ಮೇಸ್ತ್ರಿಯ ಹಿಂದೆ ಬೆಂಗಳೂರಿನ ಬಸ್ಸು ಹತ್ತುತ್ತಾರೆ. ಮರಗೆಲಸಕ್ಕೆ ಹೊರಟ ಹುಡುಗನಿಗೆ ಮನೆಯವರು ಮೊದಲು ಕೊಡಿಸುವ ಸಾಮಾನುಗಳಲ್ಲಿ ಸುತ್ತಿಗೆಯೂ ಒಂದು. ಅಂಗಡಿಯವನು ಮೂರು ಸುತ್ತಿಗೆ ಮುಂದಿಟ್ಟರೆ ಅಪ್ಪನ ಕೈ ಹೋಗುವುದು ಹೆಚ್ಚು ಭಾರದ್ದರ ಕಡೆಗೇ. ಕೊಟ್ಟ ದುಡ್ಡಿಗೆ ಕಬ್ಬಿಣ ಜಾಸ್ತಿ ಬಂತಲ್ಲ!

ಈ ಲೆಕ್ಕ ತಪ್ಪು. ಏಕೆಂಬುದಕ್ಕೆ ಉತ್ತರ ಹುಡುಗನ ವಿಜ್ಞಾನ ಪುಸ್ತಕದಲ್ಲೇ ಇದೆ. ಚಲನಶಕ್ತಿ ಎಂದರೆ ರಾಶಿ ಮತ್ತು ವೇಗದ ವರ್ಗದ ಗುಣಲಬ್ಧದಲ್ಲಿ ಅರ್ಧ. ಸುತ್ತಿಗೆಯ ತೂಕ ಎರಡು ಪಟ್ಟಾದರೆ ಏಟಿನ ಶಕ್ತಿಯೂ ಎರಡೇ ಪಟ್ಟು; ಬೀಸುವ ವೇಗ ಎರಡು ಪಟ್ಟಾದರೆ ಶಕ್ತಿ ನಾಲ್ಕು ಪಟ್ಟು. 450 ಗ್ರಾಂ ಸುತ್ತಿಗೆಯನ್ನು ಸೆಕೆಂಡಿಗೆ 8 ಮೀಟರ್ ವೇಗದಲ್ಲಿ ಬೀಸಿದರೆ 14.4 ಜೌಲ್. ಅದೇ ಕೈ 700 ಗ್ರಾಂ ಸುತ್ತಿಗೆಯನ್ನು ಎತ್ತಲು ಹೆಣಗಿ 6 ಮೀಟರ್ ವೇಗವನ್ನಷ್ಟೇ ಕೊಟ್ಟಿತೆನ್ನಿ, 12.6 ಜೌಲ್. ಭಾರದ ಸುತ್ತಿಗೆಯ ಏಟೇ ಸಣ್ಣದಾಯಿತು! 14.4 ಜೌಲ್ ಪೂರ್ತಿ ಮೊಳೆಗೆ ಸಂದು, ಮೊಳೆ 5 ಮಿಲಿಮೀಟರ್ ಇಳಿಯಿತೆಂದರೆ ಅದರ ತಲೆಯ ಮೇಲೆ ಬಿದ್ದ ಸರಾಸರಿ ಬಲ 2,880 ನ್ಯೂಟನ್, ಅಂದರೆ ಸುಮಾರು 290 ಕಿಲೋ ಭಾರ. ಮೂರು ಮೂಟೆ ಅಕ್ಕಿಯ ತೂಕವನ್ನು ಒಂದು ಪುಟ್ಟ ಕಬ್ಬಿಣದ ತುಂಡು ಕ್ಷಣಮಾತ್ರ ಹೊರಿಸಿಬಿಡುತ್ತದೆ. ವಾಸ್ತವದಲ್ಲಿ ಒಂದಿಷ್ಟು ಶಕ್ತಿ ಸದ್ದಿಗೆ, ಅದುರಿಗೆ, ಬಿಸಿಗೆ ಹೋಗುತ್ತದೆ, ಆ ಮಾತು ಬೇರೆ.

ಇನ್ನು ಕೈಯ ಲೆಕ್ಕ. ದಿನಕ್ಕೆ 400 ಮೊಳೆ, ಮೊಳೆಗೆ ಐದು ಏಟು ಎಂದಿಟ್ಟುಕೊಂಡರೆ 2,000 ಏಟಾಯಿತು. ಸುತ್ತಿಗೆ 250 ಗ್ರಾಂ ಹೆಚ್ಚು ತೂಗಿದರೆ ಸಂಜೆಯೊಳಗೆ ಆ ತೋಳು 500 ಕಿಲೋ ಹೆಚ್ಚು ಎತ್ತಿರುತ್ತದೆ. ಹದಿನೇಳರ ಹುಡುಗನಿಗೆ ಇದು ಮೊದಲು ಗೊತ್ತಾಗುವುದಿಲ್ಲ. ಕ್ರಮೇಣ ಮೊಣಕೈಯ ಹೊರಬದಿ ಹಿಡಿದುಕೊಳ್ಳುತ್ತದೆ. ಡಾಕ್ಟರು ಇದನ್ನು 'ಟೆನಿಸ್ ಎಲ್ಬೋ' ಎನ್ನುತ್ತಾರೆ. ಟೆನಿಸ್ ಬ್ಯಾಟನ್ನು ಕಣ್ಣಿಂದ ನೋಡದವರಿಗೂ ಇದು ಬರುತ್ತದೆ. ಕೈಯೇ ಬಂಡವಾಳವಾದ ಕಸುಬಿನಲ್ಲಿ ಈ ನೋವು ಸಣ್ಣದಲ್ಲ.

ಹಾಗಾದರೆ ಯಾವ ತೂಕ? ಅಮೆರಿಕದಲ್ಲಿ ಮನೆಯ ಹಂದರವೇ ಮರದ್ದು. ಅಲ್ಲಿನ ಬಡಗಿ ಹಂದರ ಕಟ್ಟಲು 20ರಿಂದ 22 ಔನ್ಸ್, ಎಂದರೆ 570ರಿಂದ 620 ಗ್ರಾಂ ಸುತ್ತಿಗೆ ಹಿಡಿದರೆ, ಉಳಿದ ಕೆಲಸಕ್ಕೆ 16 ಔನ್ಸ್, ಸುಮಾರು 450 ಗ್ರಾಂ. ನಮ್ಮ ಕಡೆ ಮನೆ ಎಂದರೆ ಕಲ್ಲು, ಇಟ್ಟಿಗೆ, ಆರ್‌ಸಿಸಿ. ತೊಲೆ, ಜಂತೆಗಳ ಹಳೆಯ ಮಾಳಿಗೆ ಮನೆಗಳಲ್ಲೂ ಮೊಳೆಗಿಂತ ಮರಕ್ಕೆ ಮರ ಕೂಡಿಸುವ ಕೆಲಸವೇ ಹೆಚ್ಚು. ಅಲ್ಲಿ ಉಳಿಯ ಮೇಲೆ ಬೀಳುವುದು ಮರದ ಕೊಡತಿ. ಕಬ್ಬಿಣದ ಸುತ್ತಿಗೆಯಲ್ಲಿ ಹೊಡೆದರೆ ಉಳಿಯ ಹಿಡಿ ಸೀಳುತ್ತದೆ. ಸಣ್ಣಪುಟ್ಟ ಮೊಳೆಗೆ ಹಳೆಯ ಆಚಾರ್ರು ಬಾಚಿಯ ಹಿಂಬದಿಯನ್ನೇ ತಿರುಗಿಸಿ ಹೊಡೆಯುತ್ತಾರೆ.

ಸೆಂಟ್ರಿಂಗ್ ಕೆಲಸ ಅಮೆರಿಕದ ಹಂದರಕ್ಕೆ ಹತ್ತಿರದ್ದು. ಹಲಗೆಗೆ ಎರಡೂವರೆ, ಮೂರು ಇಂಚಿನ ಮೊಳೆ ಹೊಡೆಯಬೇಕು, ಕಾಂಕ್ರೀಟು ಗಟ್ಟಿಯಾದ ಮೇಲೆ ಅವನ್ನೇ ಕೀಳಬೇಕು. ಇದಕ್ಕೆ 500ರಿಂದ 600 ಗ್ರಾಂನ, ಹಿಂದೆ ಮೊಳೆ ಕೀಳುವ ಕೊಂಬಿರುವ ಸುತ್ತಿಗೆ ಸರಿ. ಬಾಗಿಲು, ಕಿಟಕಿ, ಮೇಜು, ಕುರ್ಚಿಗೆ 450 ಗ್ರಾಂ ಧಾರಾಳ. ಬೀಡಿಂಗ್, ಸಣ್ಣ ಮೊಳೆಗಳಿಗೆ 250 ಗ್ರಾಂ. ಹೊಸದಾಗಿ ಕಲಿಯುವವರು, ಹುಡುಗನಾಗಲಿ ಹುಡುಗಿಯಾಗಲಿ, 350ರಿಂದ 450ರೊಳಗೆ ಆರಂಭಿಸುವುದು ಮೇಲು. ತೀರಾ ಹಗುರವೂ ಬೇಡ. ದೊಡ್ಡ ಮೊಳೆಯ ಮೇಲೆ ಅದು ಪುಟಿದು, ಮೊಳೆ ಡೊಂಕಾಗುತ್ತದೆ. ಸುತ್ತಿಗೆಗೆ ಹೇಳುವ ತೂಕ ತಲೆಯದು ಮಾತ್ರ, ಹಿಡಿಯದು ಸೇರಿಲ್ಲ ಎಂಬುದೂ ನೆನಪಿರಲಿ.

ಮಧುಗಿರಿಯ ಏಕಶಿಲಾ ಬೆಟ್ಟದ ಸೀಮೆಯವರಿಗೆ ಕಲ್ಲುಕುಟಿಗರ ಉದಾಹರಣೆ ಥಟ್ಟನೆ ನೆನಪಾಗಬಹುದು. ಅವರು ಭಾರೀ ಸಮ್ಮಟಿಗೆ ಎತ್ತುವುದಿಲ್ಲವೇ? ಎತ್ತುತ್ತಾರೆ, ಬೆಣೆ ಜಡಿದು ಬಂಡೆ ಸೀಳುವಾಗ. ಅದೂ ಎರಡೂ ಕೈಯಲ್ಲಿ, ಮೈಯ ಭಾರ ಸೇರಿಸಿ. ಅದೇ ಕುಟಿಗ ಚಾಣ ಹಿಡಿದು ಕಲ್ಲು ನುಣುಪು ಮಾಡಲು ಕೂತಾಗ ಕೈಯಲ್ಲಿರುವುದು ಸಣ್ಣ ಸುತ್ತಿಗೆಯೇ.

ಅಂಗಡಿಯಲ್ಲಿ ಪರೀಕ್ಷೆ ಮಾಡಬೇಕಾದವನು ಅಪ್ಪನಲ್ಲ, ಮಗ. ಹಿಡಿಯ ತುದಿಯನ್ನು ಹಿಡಿದು ಗಾಳಿಯಲ್ಲೇ ಇಪ್ಪತ್ತು ಸಲ ಬೀಸಲಿ. ಕೈ ತಾನಾಗಿ ತಲೆಯ ಕಡೆ ಜಾರಿದರೆ ಅದು ಅವನಿಗೆ ಭಾರ. ಹಿಡಿಯನ್ನು ಮಧ್ಯದಲ್ಲಿ ಹಿಡಿದು ಕುಟ್ಟುವವನು ಉದ್ದಕ್ಕೆ ಕೊಟ್ಟ ಹಣ ವ್ಯರ್ಥ. ಉದ್ದ ಹಿಡಿ ಇರುವುದೇ ವೇಗಕ್ಕಾಗಿ.

ಎಲ್ಲವನ್ನೂ ಒಂದೇ ದಿನ ಕೊಳ್ಳಬೇಕಿಲ್ಲ. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಬಡಗಿ ಕೆಲಸವೂ ಇದೆ. 18 ವರ್ಷ ತುಂಬಿ, ಕಸುಬಿನಲ್ಲಿ ತೊಡಗಿ, ಆಯ್ಕೆಯಾದವರಿಗೆ ಉಪಕರಣಗಳಿಗೆಂದು 15,000 ರೂಪಾಯಿವರೆಗೆ ನೆರವನ್ನು ಅದರಲ್ಲಿ ಇಡಲಾಯಿತು. ಸುತ್ತಿಗೆ ಮತ್ತು ಉಪಕರಣ ತಯಾರಿಸುವವರ ಕಸುಬೂ ಅದೇ ಪಟ್ಟಿಯಲ್ಲಿರುವುದು ಒಳ್ಳೆಯ ಸಂಗತಿ.

ಕೊನೆಗೆ ಬೇಸಿಗೆಯ ಒಂದು ಮಾತು. ಪಾವಗಡದ ಬಿಸಿಲಿಗೆ ಹಿಡಿಯ ಮರ ಒಣಗಿ ಕುಗ್ಗುತ್ತದೆ, ತಲೆ ಸಡಿಲವಾಗುತ್ತದೆ. ಬೀಸಿದಾಗ ಕಳಚಿ ಹಾರಿದರೆ ಎದುರಿಗಿದ್ದವರ ಗತಿ? ರಾತ್ರಿ ನೀರಿನಲ್ಲಿ ನೆನೆಹಾಕುವುದು ವಾಡಿಕೆ. ಮರ ಉಬ್ಬಿ ಬಿಗಿಯಾಗುತ್ತದೆ, ನಿಜ. ಆದರೆ ಉಬ್ಬಿದ ಮರ ಕಬ್ಬಿಣಕ್ಕೆ ಒತ್ತಿ ನಜ್ಜಾಗಿ, ಒಣಗಿದ ಮೇಲೆ ಮೊದಲಿಗಿಂತ ಹೆಚ್ಚು ಸಡಿಲ. ಹೊಸ ಬೆಣೆ ಹೊಡೆಯಬೇಕು. ಹಿಡಿ ಬಿರುಕು ಬಿಟ್ಟಿದ್ದರೆ ಅದನ್ನೇ ಬದಲಿಸಬೇಕು. ದಿಂಡಿಗದ ಮರ ಸಿಕ್ಕರೆ ಹಿಡಿಗೆ ಬಹಳ ಒಳ್ಳೆಯದು.