ತಕ್ರಾರ್ ಅಂದ್ರೆ ತಕರಾರಲ್ಲ!

ನಮ್ಮ ಚಾಕಣದ ಕರೆಂಟ್ ಕಂಬಗಳಿಗೆ ಎರಡೇ ತರದ ಬೋರ್ಡು ನೇತಾಡ್ತವೆ. ಒಂದು 'ರೂಮ್ ಬಾಡಿಗೆಗೆ ಇದೆ', ಇನ್ನೊಂದು 'ಸ್ಪೋಕನ್ ಇಂಗ್ಲಿಷ್'. ಮೊದಲನೆಯದರ ಬಗ್ಗೆ ಇನ್ನೊಮ್ಮೆ ಬರೀತೀನಿ. ಇವತ್ತಿನ ಜಗಳ ಎರಡನೆಯದರ ಜೊತೆ.

ಇಂಡಿ, ಸಿಂದಗಿ, ಆಳಂದ, ಅಫಜಲಪುರ, ಯಾದಗಿರಿ ಕಡೆಯಿಂದ ಬಂದು ಇಲ್ಲಿನ ಕಾರ್ಖಾನೆಗಳಲ್ಲಿ ಕಾಂಟ್ರ್ಯಾಕ್ಟ್ ಮೇಲೆ ದುಡಿಯೋ ನಮ್ಮ ಹುಡುಗರು ಶಿಫ್ಟು ಮುಗಿಸಿ ಈ ಕ್ಲಾಸುಗಳಿಗೆ ಹೋಗ್ತಾರೆ. ಹೋಗಲಿ, ಬೇಡ ಅನ್ನಲ್ಲ. ಇಂಟರ್‌ವ್ಯೂಗೆ ಬೇಕು, ಮೇಲ್ ಬರೆಯೋಕೆ ಬೇಕು, ಮಷೀನಿನ ಮ್ಯಾನ್ಯುಯಲ್ ಓದೋಕೆ ಬೇಕು. ನನ್ನ ತಕರಾರು ಇರೋದು ಒಂದೇ ಒಂದು ಪಾಠದ ಮೇಲೆ. 'ಪೊಲೀಸ್ ಮತ್ತು ತುರ್ತು ಸೇವೆಯವರ ಜೊತೆ ಮಾತುಕತೆ' ಅಂತ ಆ ಪಾಠದ ಹೆಸರು. ಇಬ್ಬಿಬ್ಬರನ್ನು ಎದುರುಬದುರು ನಿಲ್ಲಿಸಿ, ಒಬ್ಬ ಪೊಲೀಸ್, ಒಬ್ಬ ಸಾರ್ವಜನಿಕ. 'ಎಕ್ಸ್‌ಕ್ಯೂಸ್ ಮಿ ಆಫೀಸರ್, ಐ ವುಡ್ ಲೈಕ್ ಟು ರಿಪೋರ್ಟ್ ಆ್ಯನ್ ಆ್ಯಕ್ಸಿಡೆಂಟ್' ಅಂತ ಹತ್ತು ಸಲ ಉರು ಹೊಡೆಸ್ತಾರೆ. ಒಂದು ಪುಸ್ತಕದಲ್ಲಂತೂ ಫೋನ್ ನಂಬರ್ 911 ಅಂತಲೇ ಇತ್ತು, ಅಮೆರಿಕದ್ದು! ಇಲ್ಲಿ ಬಿದ್ದವನು 911 ಒತ್ತಿ ಏನು ಮಾಡಬೇಕು ಸ್ವಾಮಿ?

ನಾನು ಈ ಊರಿಗೆ ಬಂದು ಇಪ್ಪತ್ತು ವರ್ಷದ ಮೇಲಾಯ್ತು. ಈರುಳ್ಳಿ ಪೇಟೆಯ ಊರು ಕಾರು, ಬೈಕುಗಳ ಊರಾಗಿದ್ದನ್ನ ಕಣ್ಣಾರೆ ಕಂಡವನು. ಠಾಣೆ, ದವಾಖಾನೆ ಅಂತ ನಮ್ಮವರ ಜೊತೆ ಎಷ್ಟೋ ಸಲ ಅಲೆದಿದ್ದೀನಿ. ಅಲ್ಲಿ ಟೇಬಲ್ಲಿನ ಆಚೆ ಕೂತ ಹವಾಲ್ದಾರರು ಮರಾಠಿ ಮಾತಾಡ್ತಾರೆ, ಅವಶ್ಯ ಬಿದ್ದರೆ ಹಿಂದಿ. ಬರೆಯೋದು ಮಾತ್ರ ಮರಾಠಿಯಲ್ಲೇ. ಅಲ್ಲಿಗೆ ಬೇಕಾದ ಭಾಷೆಯ ಅರ್ಧ ಪಾಲು ನಮ್ಮ ಹುಡುಗರು ಊರಿಂದಲೇ ಗಂಟು ಕಟ್ಟಿಕೊಂಡು ಬಂದಿರ್ತಾರೆ. ಅದು ಅವರಿಗೇ ಗೊತ್ತಿಲ್ಲ, ಕ್ಲಾಸಿನ ಸರ್‌ಗಂತೂ ಗೊತ್ತೇ ಇಲ್ಲ.

ನೋಡಿ ಬೇಕಾದ್ರೆ. ನಮ್ಮ ಠಾಣೆ ಅವರಿಗೂ ಠಾಣೆ. ನಮ್ಮ ಅಪಘಾತ ಅವರಿಗೂ ಅಪಘಾತ. ಪಂಚನಾಮೆ ಅವರ ಪಂಚನಾಮಾ, ಗುನ್ನೆ ಅವರ ಗುನ್ಹಾ, ಜಖಂ ಆದವನು ಜಖಮೀ. ಫಿರ್ಯಾದಿ, ಆರೋಪಿ, ಸಾಕ್ಷಿದಾರ, ವಕೀಲ, ಸಹಿ... ಎಲ್ಲ ಹೆಚ್ಚು ಕಡಿಮೆ ಅವೇ. 'ಇದು ನಮ್ಮ ಹದ್ದಲ್ಲ' ಅಂತ ವಾಪಸ್ ಕಳಿಸ್ತಾರಲ್ಲ, ಆ ಹದ್ದೂ ನಮ್ಮದೇ! ಇದರಲ್ಲಿ ಆಶ್ಚರ್ಯ ಏನಿಲ್ಲ. ವಿಜಾಪುರ, ಬೆಳಗಾವಿ, ಧಾರವಾಡ 1956ರವರೆಗೆ ಮುಂಬಯಿ ರಾಜ್ಯದಲ್ಲೇ ಇದ್ದವು. ಕಲಬುರ್ಗಿ, ಬೀದರ, ರಾಯಚೂರು ನಿಜಾಮರ ಹೈದರಾಬಾದಿನಲ್ಲಿದ್ದವು, ಅಲ್ಲಿ ಉರ್ದು ಕಚೇರಿಯಿಂದ ಇಂಥವೇ ಮಾತು ಬಂದವು. ಇಷ್ಟೆಲ್ಲ ಕೈಯಲ್ಲಿಟ್ಟುಕೊಂಡು 'ವಿಟ್ನೆಸ್'ಗೆ ಸ್ಪೆಲ್ಲಿಂಗ್ ಕಲೀತಾ ಕೂತಿದ್ದೀವಿ.

ಆದರೆ ಇದರಲ್ಲೇ ಒಂದು ಹಳ್ಳವೂ ಇದೆ. ನಮ್ಮ ಓಣಿಯ ಇಂಡಿ ಕಡೆಯ ಹುಡುಗನೊಬ್ಬ ಅದರಲ್ಲಿ ಬಿದ್ದ. ನಾಸಿಕ ಹೆದ್ದಾರಿಯಲ್ಲಿ ಟೆಂಪೋ ಬಡಿದು ಕಾಲು ಮುರೀತು. ದವಾಖಾನೆಗೆ ಜಬಾಬು ಬರೆದುಕೊಳ್ಳೋಕೆ ಬಂದ ಪೊಲೀಸರು (ಯಾವ ಠಾಣೆ ಅನ್ನೋದು ಬೇಡ) 'ಕಾಹೀ ತಕ್ರಾರ್ ಆಹೇ ಕಾ?' ಅಂತ ಕೇಳಿದರು. ಮರಾಠಿಯಲ್ಲಿ ತಕ್ರಾರ್ ಅಂದರೆ ದೂರು, ಕಂಪ್ಲೇಂಟು. ನಮ್ಮ ತಕರಾರು ಅಂದರೆ ಆಕ್ಷೇಪಣೆ, ತಂಟೆ. ಬರೆದುಕೊಳ್ಳೋಕೆ ನಿನ್ನ ಅಡ್ಡಿ ಏನಾದ್ರೂ ಇದೆಯಾ ಅಂತ ಕೇಳ್ತಿದ್ದಾರೆ ಅಂದುಕೊಂಡ ಹುಡುಗ, ಮರ್ಯಾದೆಯಿಂದ 'ನಾಹೀ ಸಾಹೇಬ್' ಅಂದ. ಅವರು 'ನನ್ನದು ಯಾರ ಮೇಲೂ ದೂರಿಲ್ಲ' ಅಂತ ಮರಾಠಿಯಲ್ಲಿ ಬರೆದರು, ಇವನು ಸಹಿ ಹಾಕಿದ. ಆಮೇಲೆ ಪರಿಹಾರಕ್ಕೆ ಅಂತ ವಕೀಲರ ಹತ್ತಿರ ಹೋದಾಗ ಅವರು ಮೊದಲು ತೋರಿಸಿದ್ದೇ ಆ ಕಾಗದ. ಬರೆದವರು ಕೆಟ್ಟವರು ಅನ್ನಲಾರೆ, ಅವರಿಗೆ ಕೇಳಿಸಿದ್ದನ್ನೇ ಅವರು ಬರೆದರು. ಹುಡುಗ ಆಗಲೇ ಮೂರು ತಿಂಗಳು ಇಂಗ್ಲಿಷ್ ಕ್ಲಾಸಿಗೆ ಹೋಗಿದ್ದ. 'ಐ ವಾಂಟ್ ಟು ಲಾಡ್ಜ್ ಎ ಕಂಪ್ಲೇಂಟ್' ಅನ್ನೋ ವಾಕ್ಯ ಅವನ ನೋಟ್‌ಬುಕ್ಕಿನಲ್ಲಿ ದುಂಡಗೆ ಬರೆದಿತ್ತು.

'ಇಂಗ್ಲಿಷ್ ಮಾತಾಡಿದರೆ ಪೊಲೀಸರು ಕುರ್ಚಿ ಕೊಡ್ತಾರೆ ಸಾರ್' ಅಂತ ವಾದ ಮಾಡುವವರಿದ್ದಾರೆ. ನಿಜ, ಕೊಡ್ತಾರೆ. ಆದರೆ ಆ ಕುರ್ಚಿ ಸಿಗೋದು ಇಂಗ್ಲಿಷಿನ ಹಿಂದಿರೋ ಇಸ್ತ್ರಿ ಅಂಗಿಗೆ, ಕಂಪನಿ ಬ್ಯಾಡ್ಜಿಗೆ, ಸಂಬಳಕ್ಕೆ. ತಡವರಿಸಿಕೊಂಡು ನಾಲ್ಕು ವಾಕ್ಯ ಒಪ್ಪಿಸೋ ಹೆಲ್ಪರ್ ಹುಡುಗನಿಗೆ ಅದು ಸಿಗಲ್ಲ. ಮೇಲಾಗಿ, ದೂರು ಕೊಡೋಕೆ ಬಂದವನು ಯಾವ ಭಾಷೆ ಆಡಿದರೂ ಕೂರಿಸಬೇಕು ಅಂತ ಕೇಳೋದು ಬಿಟ್ಟು, ಕುರ್ಚಿಗಾಗಿ ಇಂಗ್ಲಿಷ್ ಕಲೀರಿ ಅನ್ನೋದು ಯಾವ ನ್ಯಾಯ?

ಕಾನೂನು ಕೂಡ ಇಂಗ್ಲಿಷ್ ಕೇಳೋದಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರೋ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ನೋಡಿ. ಬಾಯಲ್ಲಿ ಹೇಳಿದ ದೂರನ್ನು ಬರೆದುಕೊಂಡು, ಹೇಳಿದವನಿಗೆ ಓದಿ ಹೇಳಬೇಕು, ಎಫ್‌ಐಆರ್ ಪ್ರತಿ ಪುಕ್ಕಟೆ ಕೊಡಬೇಕು. ಗುನ್ನೆ ಯಾವ ಹದ್ದಿನಲ್ಲೇ ನಡೆದಿರಲಿ, ಮಾಹಿತಿ ತಗೊಳ್ಳಬೇಕು. ಇದು ನಮಗೆ ಮುಖ್ಯ, ಯಾಕಂದ್ರೆ 2018ರ ಆಗಸ್ಟ್‌ನಲ್ಲಿ ಪಿಂಪ್ರಿ-ಚಿಂಚವಡ ಆಯುಕ್ತಾಲಯ ಆದಮೇಲೆ ಚಾಕಣ ಅದರ ಕೆಳಗೆ ಬಂತು, ಪಕ್ಕದ ರಾಜಗುರುನಗರ ಪುಣೆ ಗ್ರಾಮೀಣದಲ್ಲೇ ಉಳೀತು. ಹೆದ್ದಾರಿಯಲ್ಲಿ ಬಿದ್ದವನು ಮೊದಲು ನಕಾಶೆ ನೋಡಬೇಕಾಗಿಲ್ಲ.

ಇನ್ನು ಬಂಧನದ ಮಾತು. 1962ರಲ್ಲೇ ಹರಿಕಿಶನ್ ವಿರುದ್ಧ ಮಹಾರಾಷ್ಟ್ರ ರಾಜ್ಯ ಅನ್ನೋ ಮೊಕದ್ದಮೆ ಸುಪ್ರೀಂ ಕೋರ್ಟಿಗೆ ಹೋಗಿತ್ತು. ಸ್ಥಾನಬದ್ಧತೆಯಲ್ಲಿಟ್ಟ ಮನುಷ್ಯನಿಗೆ ಕಾರಣಗಳನ್ನ ಇಂಗ್ಲಿಷಿನಲ್ಲಿ ಕೊಟ್ಟಿದ್ದರು. ಅವನಿಗೆ ಇಂಗ್ಲಿಷ್ ಬರ್ತಿರಲಿಲ್ಲ, ಹಿಂದಿಯಲ್ಲಿ ಕೊಡಿ ಅಂದ, ಇವರು ಕೊಡಲಿಲ್ಲ. ತಿಳಿಯದ ಭಾಷೆಯಲ್ಲಿ ಕೊಟ್ಟರೆ ಕೊಟ್ಟಂತಲ್ಲ ಅಂತ ಕೋರ್ಟು ಆ ಆದೇಶವನ್ನೇ ತೆಗೆದುಹಾಕಿತು. 2025ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಮತ್ತೆ ಹೇಳಿದೆ: ಬಂಧನದ ಕಾರಣ ಲಿಖಿತವಾಗಿ, ಬಂಧಿತನಿಗೆ ತಿಳಿಯುವ ಭಾಷೆಯಲ್ಲಿ ಕೊಡಬೇಕು. ಆ ಮೊಕದ್ದಮೆಯೂ ಮಹಾರಾಷ್ಟ್ರದ್ದೇ. ಅಂದಮೇಲೆ ಕಲಿಯಬೇಕಾದ ಮೊದಲ ವಾಕ್ಯ 'ಮಾಝೀ ಭಾಷಾ ಕನ್ನಡ ಆಹೇ'. ಎರಡನೆಯದು 'ಕಾಯ್ ಲಿಹಿಲಂ ತೇ ವಾಚೂನ್ ದಾಖವಾ', ಅಂದರೆ ಏನು ಬರೆದಿದ್ದೀರಿ ಓದಿ ಹೇಳಿ. ಮೂರನೆಯದು 'ಮಾಝೀ ತಕ್ರಾರ್ ಆಹೇ', ನನ್ನದು ದೂರಿದೆ. ಸಹಿ ಏನಿದ್ದರೂ ಆಮೇಲೆ.

ಫೋನಿನಲ್ಲಾದರೆ ಇನ್ನೂ ಕಡಿಮೆ ಮಾತು ಸಾಕು. 112 ಆಗಲಿ, ಆ್ಯಂಬುಲೆನ್ಸಿನ 108 ಆಗಲಿ, ಮೊದಲು ಜಾಗ ಹೇಳಿ. ಲೈನ್ ಕಟ್ಟಾದರೂ ಜಾಗ ಗೊತ್ತಿದ್ದರೆ ಗಾಡಿ ಬರಬಹುದು. 'ಆಂಬೇಠಾಣ್ ಚೌಕ, ಅಪಘಾತ, ದೋನ್ ಜಖಮೀ'. ಮುಗೀತು, ನಾಲ್ಕೈದು ಪದ. ಇದಕ್ಕೆ ವ್ಯಾಕರಣ ಬೇಕಾ? ಎಕ್ಸ್‌ಕ್ಯೂಸ್ ಮಿ ಅನ್ನೋ ಹೊತ್ತಿಗೆ ಅಲ್ಲಿ ರಕ್ತ ಹರೀತಿರುತ್ತೆ. ಅಮೆರಿಕದಲ್ಲಿ ಕೂಡ 911ಕ್ಕೆ ಇಂಗ್ಲಿಷ್ ಬಾರದವರು ಫೋನ್ ಮಾಡಿದರೆ ಅನೇಕ ಕಡೆ ದುಭಾಷಿಯನ್ನ ಲೈನಿಗೆ ತರ್ತಾರೆ. ಕಲಾಸಿಪಾಳ್ಯದಿಂದ ಕ್ಯಾಲಿಫೋರ್ನಿಯಾವರೆಗೆ ಸಾಫ್ಟ್‌ವೇರ್ ಮಾಡಿಕೊಟ್ಟ ನಮ್ಮ ದೇಶದಲ್ಲಿ 112ರ ಲೈನಿಗೆ ಒಬ್ಬ ಕನ್ನಡ ಬಲ್ಲವರನ್ನ ತರೋಕೆ ಏನು ಕಷ್ಟ? ಸೋಲಾಪುರ, ಅಕ್ಕಲಕೋಟ, ಜತ್ತದಲ್ಲಿ ತಲೆಮಾರುಗಳಿಂದ ಕನ್ನಡ ಆಡೋ ಮಹಾರಾಷ್ಟ್ರದವರೇ ಇದ್ದಾರೆ. ಇದು ನಮ್ಮ ಹಕ್ಕಿನ ಬೇಡಿಕೆ. ಸಂವಿಧಾನದ 350ನೇ ವಿಧಿ, ರಾಜ್ಯದಲ್ಲಿ ಬಳಕೆಯಲ್ಲಿರೋ ಯಾವ ಭಾಷೆಯಲ್ಲಾದರೂ ಅಹವಾಲು ಕೊಡಬಹುದು ಅನ್ನುತ್ತೆ.

ಇಷ್ಟು ಹೇಳಿದ ಕೂಡಲೇ ಅಭಿಮಾನಿಗಳಿಗೆ ಸಿಟ್ಟು ಬರುತ್ತೆ. 'ಬೆಳಗಾವಿ ಕೇಳುವವರ ಭಾಷೆ ನಾವ್ಯಾಕೆ ಕಲೀಬೇಕು?' ಸ್ವಾಮಿ, ಬೆಂಗಳೂರಿಗೆ ಬಂದವರು ಕನ್ನಡ ಕಲೀಬೇಕು ಅಂತ ನಾವೇ ತಾನೇ ಹೇಳೋದು? ಆ ಮಾತು ಚಾಕಣಕ್ಕೂ ಅನ್ವಯಿಸುತ್ತೆ. ಇಲ್ಲಿನ ಮರಾಠಿ ಕಲಿತರೆ ನಮ್ಮ ಕನ್ನಡ ಸವೆಯಲ್ಲ.

ಇನ್ನು ನಮ್ಮ ಸಂಘಗಳಿಗೆ ಒಂದು ಮಾತು. ನವೆಂಬರಿನಲ್ಲಿ ಆರ್ಕೆಸ್ಟ್ರಾ ಇಡಿ, ಶಾಲು ಹೊದಿಸಿ, ಬೇಡ ಅನ್ನಲ್ಲ. ಅದರ ಜೊತೆ ಒಂದೇ ಒಂದು ಹಾಳೆ ಅಚ್ಚು ಹಾಕಿಸಿ, ಕನ್ನಡ ಲಿಪಿಯಲ್ಲೇ, ಮೇಲಿನ ಮೂರು ವಾಕ್ಯ, 112, 108, ಮತ್ತು ರಾತ್ರಿ ಫೋನ್ ಮಾಡಿದರೆ ಠಾಣೆಗೆ ಜೊತೆ ಬರೋ, ಮರಾಠಿ ಬಲ್ಲ ನಾಲ್ಕು ಜನರ ನಂಬರು. ಖರಾಬ್‌ವಾಡಿ, ನಾಣೇಕರ್‌ವಾಡಿಯ ರೂಮು ರೂಮಿಗೆ ಹಂಚೋಣ. ಆ ನಾಲ್ಕರಲ್ಲಿ ಒಂದು ನಂಬರು ನನ್ನದಿರಲಿ. ಉಳಿದ ಮೂರು ಯಾರದು?